ಆಟದ ನಡುವೆ ಚೆಂಡು ಬದಲಿಸುವ ವಿಚಾರ

4ನೇ ಅಡ್ಡರಸ್ತೆ: ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಉದ್ಯಾನದ ಪಿಕಲ್‌ಬಾಲ್ (ರಂಧ್ರಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್‌ನಿಂದ ಬಲೆಯಾಚೆ ಹೊಡೆಯುವ ಆಟ) ಅಂಕಣದಲ್ಲಿ ಅಂಕ 8–8 ಆಗಿದ್ದಾಗ, ಎದುರಿನವರು ಸರ್ವ್ ಮಾಡುವ ಮುನ್ನ ಜೇಬಿನಿಂದ ಬೇರೊಂದು ಚೆಂಡು ತೆಗೆದು, ಒಂದು ಮಾತೂ ಹೇಳದೆ ಆಟ ಮುಂದುವರಿಸಿದರು. ಅಲ್ಲಿಯವರೆಗೆ ಆಡಿದ್ದು 40 ರಂಧ್ರಗಳ ಗಟ್ಟಿ ಚೆಂಡಿನಲ್ಲಿ. ಜೇಬಿನಿಂದ ಬಂದದ್ದು ಒಳಾಂಗಣಕ್ಕೆಂದು ಮಾಡಿದ 26 ರಂಧ್ರಗಳ ಮೆತ್ತನೆಯ ಚೆಂಡು. ಪುಟಿಯುವ ರೀತಿಯೇ ಬೇರೆ, ಗಾಳಿಗೆ ವಾಲುವುದೂ ಹೆಚ್ಚು. ಸೋತದ್ದಕ್ಕೆ ಬೇಸರವಿಲ್ಲ (ಸ್ವಲ್ಪ ಇದೆ), ಆದರೆ ಆಮೇಲಿನ ಜಗಳ ಬೀದಿಗೆಲ್ಲ ಕೇಳಿಸಿದ್ದು ನಾಚಿಕೆಯ ಸಂಗತಿ.

7ನೇ ಅಡ್ಡರಸ್ತೆ: ಮೇಡಂ, ಚೆಂಡು ತೆಗೆದವನು ನಾನೇ. ಹಿಂದಿನ ರ‍್ಯಾಲಿಯಲ್ಲೇ (ಒಂದು ಸರ್ವ್‌ನಿಂದ ಚೆಂಡು ತಪ್ಪುವವರೆಗಿನ ಆಟ) ಹಳೆಯ ಚೆಂಡಿನ ಸದ್ದು ಟೊಳ್ಳಾಗಿತ್ತು. ಎರಡೂ ಹೆಬ್ಬೆರಳಿನಿಂದ ಒತ್ತಿದಾಗ ಜೋಡಣೆಯ ಗೆರೆಯ ಮೇಲೆ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ತುಮಕೂರಿನ ಜನವರಿ ಚಳಿಗೆ ಗಟ್ಟಿ ಪ್ಲಾಸ್ಟಿಕ್ ಹೀಗೆ ಸೀಳುವುದು ಹೊಸದೇನಲ್ಲ. ಬಿರುಕನ್ನು ನಿಮಗೆ ತೋರಿಸದೆ ಬದಲಿಸಿದ್ದು ಮಾತ್ರ ನನ್ನ ತಪ್ಪು.

2ನೇ ಅಡ್ಡರಸ್ತೆ: ಸರ್, ತೋರಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ರ‍್ಯಾಲಿಯ ನಡುವೆ ಚೆಂಡು ಒಡೆದರೂ ಆಟ ನಿಲ್ಲಿಸುವಂತಿಲ್ಲ. ಮುಗಿದ ಬಳಿಕ ನಾಲ್ವರೂ ನೋಡಿ, ಬಿರುಕಿನಿಂದಲೇ ಫಲಿತಾಂಶ ಕೆಟ್ಟಿತೆಂದು ಒಪ್ಪಿದರೆ ಆ ರ‍್ಯಾಲಿಯನ್ನು ಮತ್ತೆ ಆಡಬೇಕು, ಒಪ್ಪದಿದ್ದರೆ ಅಂಕ ಹಾಗೆಯೇ ನಿಲ್ಲುತ್ತದೆ. ಬದಲಿ ಚೆಂಡು ಅದೇ ಜಾತಿಯದಾಗಿರಲಿ, ಅದನ್ನು ಎದುರಿನವರ ಕೈಗೂ ಒಮ್ಮೆ ಕೊಡೋಣ. ಇದಕ್ಕಿಂತ ದೊಡ್ಡ ಗೊಂದಲ ಎರಡು ಅಂಕಣಗಳ ಚೆಂಡುಗಳು ಬೆರೆಯುವುದು. ಪಕ್ಕದ ಚೆಂಡು ಕಾಲಡಿಗೆ ಉರುಳಿ ಬಂದಾಗ 'ಬಾಲ್' ಎಂದು ಕೂಗಿ ನಿಲ್ಲಿಸಿ, ಆ ರ‍್ಯಾಲಿಯನ್ನು ಮತ್ತೆ ಆಡುವುದು ಸರಿಯಾದ ಕ್ರಮ. ನಮ್ಮಲ್ಲಿ ಕೆಲವರು ಅದನ್ನೇ ಎತ್ತಿ ಸರ್ವ್ ಮಾಡಿಬಿಡುತ್ತಾರೆ, ಆಮೇಲೆ ಯಾರ ಚೆಂಡು ಯಾರದೆಂದು ಹುಡುಕುವುದರಲ್ಲೇ ಬಿಸಿಲೇರುತ್ತದೆ.

4ನೇ ಅಡ್ಡರಸ್ತೆ: ಒಪ್ಪಿದೆ. ಭಾನುವಾರ 7 ಗಂಟೆಗೆ ಎಲ್ಲರೂ ಚೆಂಡುಗಳನ್ನು ತಂದರೆ ಮಾರ್ಕರ್ ಪೆನ್ನಿನಲ್ಲಿ ಮನೆ ಸಂಖ್ಯೆ ಬರೆಯೋಣ. ಪೆನ್ನು ನಾನು ತರುತ್ತೇನೆ.

ಉದ್ಯಾನದ ಎದುರು ಮನೆ: ನಾನು ಆಡುವವನಲ್ಲ, ನಿನ್ನೆ ಗೇಟಿನ ಬಳಿ ಬಂದು ನಿಂತವನು. ನಮ್ಮ ತಾರಸಿಯ ಮೇಲೆ ನಿಮ್ಮ ಮೂರು ಚೆಂಡುಗಳು ಬಿದ್ದಿವೆ. ಭಾನುವಾರ ಬರುವಾಗ ತರುತ್ತೇನೆ; ಯಾವ ಸಂಖ್ಯೆ ಬರೆಯಬೇಕೆಂದು ಜಗಳವಾಡದೆ ನಿರ್ಧರಿಸಿಕೊಳ್ಳಿ.