ತುಟಿ ಜೋಮು ಹಿಡಿದರೂ ಹಲ್ಲು ನೋಯುತ್ತಿದೆ: ರೂಟ್ ಕೆನಾಲ್‌ಗೆ ಯಾವ ಇಂಜೆಕ್ಷನ್ ಒಳ್ಳೇದು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಕೆಳಗಡೆ ಎಡಭಾಗದ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಗಿದೆ. ತಣ್ಣೀರು ತಾಗಿದರೆ ಕಾಲು ಗಂಟೆ ಜುಮ್ಮೆನ್ನುತ್ತಿತ್ತು, ರಾತ್ರಿ ನಿದ್ದೆಯೇ ಇಲ್ಲ. ಡಾಕ್ಟರ್ ದವಡೆಯ ಹಿಂದೆ ಇಂಜೆಕ್ಷನ್ ಕೊಟ್ಟರು. ತುಟಿ, ಅರ್ಧ ನಾಲಿಗೆ ಜೋಮು ಹಿಡಿಯಿತು. ಆದರೂ ಡ್ರಿಲ್ ಒಳಗೆ ಇಳಿಯುತ್ತಿದ್ದ ಹಾಗೆ ಕರೆಂಟ್ ಹೊಡೆದಂತೆ ನೋವು. ಇನ್ನೊಂದು ಸಲ ಅದೇ ಇಂಜೆಕ್ಷನ್ ಕೊಟ್ಟರೂ ಅಷ್ಟೇ. ಔಷಧಿ ಇಟ್ಟು, ಮುಂದಿನ ವಾರ ಬನ್ನಿ ಅಂದಿದ್ದಾರೆ. ಕೊಟ್ಟಿದ್ದು ಲಿಗ್ನೋಕೇನ್ ಅಂತೆ. ಆರ್ಟಿಕೇನ್ ಅಂತ ಇನ್ನೊಂದಿದೆ, ಅದು ಜಾಸ್ತಿ ಪವರ್ ಅಂತ ತಂಗಿ ಹೇಳಿದಳು. ಅದನ್ನೇ ಕೇಳಲಾ? ನಿಜ ಹೇಳಬೇಕಂದರೆ ಮತ್ತೆ ಆ ಕುರ್ಚಿ ಮೇಲೆ ಕೂರೋಕೆ ಭಯ ಆಗ್ತಿದೆ.

ಉತ್ತರ 1 (ಹಲ್ಲಿನ ಡಾಕ್ಟರ್, ಧಾರವಾಡ)

ಮೇಡಂ, ತುಟಿ ಜೋಮು ಹಿಡಿದಿದೆ ಅಂದರೆ ಇಂಜೆಕ್ಷನ್ ಬೀಳಬೇಕಾದ ಕಡೆಯೇ ಬಿದ್ದಿದೆ. ನಿಮ್ಮ ಡಾಕ್ಟರ್ ಕೈ ತಪ್ಪಿದೆ ಅಂದುಕೊಳ್ಳಬೇಡಿ. ನಿಮ್ಮ ನೋವೂ ಬರೀ ಭಯದಿಂದ ಹುಟ್ಟಿದ್ದಲ್ಲ. ಒಳಗಿನ ನರ ಊದಿಕೊಂಡ ಕೆಳದವಡೆ ಹಲ್ಲು ನಮ್ಮ ಕೆಲಸದಲ್ಲೇ ಅತಿ ಕಷ್ಟದ್ದು.

ಊದಿದ ಜಾಗದಲ್ಲಿ ಆಮ್ಲ ಜಾಸ್ತಿ, ಅದಕ್ಕೇ ಔಷಧಿ ಹಿಡಿಯಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ನಿಮಗೆ ಕೊಟ್ಟಿದ್ದು ಬ್ಲಾಕ್, ಅಂದರೆ ಹಲ್ಲುಗಳಿಗೆ ಹೋಗುವ ಇಡೀ ನರವನ್ನೇ ಜೋಮು ಹಿಡಿಸುವ ಇಂಜೆಕ್ಷನ್. ಅದನ್ನು ಕೊಡುವುದು ಹಲ್ಲಿನಿಂದ ದೂರ, ದವಡೆಯ ಹಿಂದೆ. ಅಲ್ಲಿ ಊತವೇ ಇರುವುದಿಲ್ಲ ಅಲ್ವಾ? ನೋವು ಸಾಗಿಸುವ ನರದ ಎಳೆಗಳೇ ಬದಲಾಗಿರುತ್ತವೆ. ಲಿಗ್ನೋಕೇನ್ ಕೆಲಸ ಮಾಡುವುದು ನರದ ಸೋಡಿಯಂ ಚಾನೆಲ್‌ಗಳನ್ನು, ಅಂದರೆ ನೋವಿನ ಸಂಕೇತ ಸಾಗಲು ತೆರೆದುಕೊಳ್ಳುವ ಪುಟ್ಟ ಬಾಗಿಲುಗಳನ್ನು ಮುಚ್ಚಿ. ಉರಿಯೂತ ಇದ್ದಾಗ ಅದಕ್ಕೆ ಸುಲಭವಾಗಿ ಬಗ್ಗದ ಚಾನೆಲ್‌ಗಳು ಹೆಚ್ಚುತ್ತವೆ.

ಇನ್ನು ಆರ್ಟಿಕೇನ್. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಲಿಗ್ನೋಕೇನ್ 2%, ಜೊತೆಗೆ ಔಷಧಿ ಅಲ್ಲೇ ಹೆಚ್ಚು ಹೊತ್ತು ನಿಲ್ಲಲಿ ಅಂತ 1:80,000 (80,000 ಎಂಎಲ್‌ಗೆ 1 ಗ್ರಾಂ) ಅಡ್ರಿನಲಿನ್. ಆರ್ಟಿಕೇನ್ 4%, ಅಡ್ರಿನಲಿನ್ ಹೆಚ್ಚಾಗಿ 1:100,000. ಕಾಗದದ ಮೇಲೆ ಎರಡು ಪಟ್ಟು. ಆದರೆ ದವಡೆಯ ಹಿಂದೆ ಬ್ಲಾಕ್ ಆಗಿ ಕೊಟ್ಟರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆರ್ಟಿಕೇನ್ ಬ್ಲಾಕ್ ಆದ ಮೇಲೆ ನಾಲಿಗೆ, ತುಟಿ ತಿಂಗಳುಗಟ್ಟಲೆ ಜೋಮು ಉಳಿದ ವರದಿಗಳು ಅಪರೂಪಕ್ಕಾದರೂ ಇವೆ. ಅದಕ್ಕೇ ನನ್ನಂಥ ಹಲವರು ಬ್ಲಾಕ್‌ಗೆ 4% ಮುಟ್ಟುವುದಿಲ್ಲ.

ಆರ್ಟಿಕೇನ್ ಗೆಲ್ಲುವುದು ಬೇರೆ ಕಡೆ. ಮೊದಲು ಲಿಗ್ನೋಕೇನ್ ಬ್ಲಾಕ್, ಆಮೇಲೆ ಅದೇ ಹಲ್ಲಿನ ಪಕ್ಕ, ಕೆನ್ನೆ ಕಡೆಯ ಒಸಡಿನಲ್ಲಿ ಆರ್ಟಿಕೇನ್. ಕೆಳದವಡೆಯ ಮೂಳೆ ಅಲ್ಲಿ ದಪ್ಪ. ಲಿಗ್ನೋಕೇನ್ ಅದರೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಆರ್ಟಿಕೇನ್ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ "ಅದರ ಬದಲು ಇದು" ಅಂತ ಕೇಳಬೇಡಿ, "ಅದರ ಜೊತೆಗೆ ಪಕ್ಕದಲ್ಲಿ ಇದನ್ನೂ ಕೊಡ್ತೀರಾ" ಅಂತ ಕೇಳಿ. ಅದೂ ಸಾಲದಿದ್ದರೆ ಹಲ್ಲು ಮತ್ತು ಮೂಳೆಯ ಸಂದಿಯಲ್ಲಿ ಕೆಲವು ಹನಿ ಒತ್ತಡದಿಂದ ಕೊಡುತ್ತೇವೆ. ಕೊನೆಯದು ನೇರವಾಗಿ ಹಲ್ಲಿನ ನರಕ್ಕೇ. ಅದು ಒಂದು ಕ್ಷಣ ಜೋರಾಗಿ ನೋಯುತ್ತದೆ, ಮೊದಲೇ ಹೇಳಿ ಕೊಡಬೇಕು.

ನಾನು ತುಂಬಾ ಒತ್ತಿ ಹೇಳುವುದು ಇದನ್ನ. ತುಟಿ ಜೋಮು ನೋಡಿ ಡ್ರಿಲ್ ಎತ್ತಬಾರದು. ಹತ್ತಿ ಉಂಡೆಗೆ ಕೋಲ್ಡ್ ಸ್ಪ್ರೇ ಹೊಡೆದು ಹಲ್ಲಿಗೆ ಹಿಡಿಯಬೇಕು. ಬೆಳಗ್ಗೆ ತಣ್ಣೀರಿಗೆ ಜುಮ್ಮೆಂದ ಹಲ್ಲು ಆಗಲೂ ಜುಮ್ಮೆಂದರೆ ಇನ್ನೂ ಹಿಡಿದಿಲ್ಲ ಅಂತಲೇ ಅರ್ಥ, ಮುಂದಿನ ಇಂಜೆಕ್ಷನ್ ಆಗಲೇ ಕೊಡಬೇಕು. ಏನೂ ಅನ್ನಿಸದಿದ್ದರೆ ಶುರು ಮಾಡಬಹುದು. ಆಗಲೂ ನೋವಾದರೆ ಕೈ ಎತ್ತಿ, ಸಹಿಸಿಕೊಂಡು ಕೂರಬೇಡಿ.

ಒಂದು ಗಂಟೆ ಮುಂಚೆ ಐಬುಪ್ರೊಫೆನ್ ನುಂಗಿದರೆ ಬ್ಲಾಕ್ ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದರೆ ಬೇಡ. ಫೋನ್ ಮಾಡಿ ನಿಮ್ಮ ಡಾಕ್ಟರನ್ನೇ ಕೇಳಿ ತೊಗೊಳ್ಳಿ.

ಉತ್ತರ 2 (ಹಾಸನದಿಂದ)

ನನಗೂ ಕೆಳದವಡೆಯಲ್ಲಿ ಹೀಗೇ ಆಗಿತ್ತು. ಪಕ್ಕದಲ್ಲಿ ಇನ್ನೊಂದು ಕೊಟ್ಟ ಮೇಲೆ ಕೆಲಸ ಮಾಡಿದ್ದೇ ಗೊತ್ತಾಗಲಿಲ್ಲ. ಧೈರ್ಯವಾಗಿ ಹೋಗಿ ಅಕ್ಕ. ಡಾಕ್ಟ್ರೇ, ನಮ್ಮ ಅಮ್ಮನಿಗೂ ರೂಟ್ ಕೆನಾಲ್ ಹೇಳಿದ್ದಾರೆ. ಬಿಪಿ ಇದೆ, ಸ್ಟೆಂಟ್ ಹಾಕಿದ್ದಾರೆ. ಅಡ್ರಿನಲಿನ್ ಇಲ್ಲದ್ದೇ ಕೊಡಿಸಬೇಕಾ?

ಉತ್ತರ 3 (ಧಾರವಾಡದ ಡಾಕ್ಟರ್)

ಬಿಪಿ ಹತೋಟಿಯಲ್ಲಿದ್ದರೆ ಅಡ್ರಿನಲಿನ್ ಪೂರ್ತಿ ಬಿಡಬೇಕಿಲ್ಲ, ಅಳತೆ ಮೀರಬಾರದು ಅಷ್ಟೇ. ಹೃದ್ರೋಗ ಇರುವವರಿಗೆ ಒಂದು ಸಲಕ್ಕೆ 0.04 ಮಿಲಿಗ್ರಾಂ ಮೇಲೆ ಹೋಗಬಾರದು ಅಂತ ರೂಢಿ. 1:80,000 ದ್ರಾವಣದಲ್ಲಿ ಅದು ಹತ್ತಿರ ಹತ್ತಿರ 3 ಎಂಎಲ್. ನೋವು ತಡೆಯದಿದ್ದರೆ ದೇಹವೇ ಅದಕ್ಕಿಂತ ಜಾಸ್ತಿ ಅಡ್ರಿನಲಿನ್ ಸುರಿಸುತ್ತದೆ, ಅಮ್ಮನಿಗೆ ಅದು ಇನ್ನೂ ಕೆಟ್ಟದ್ದು. ಅಡ್ರಿನಲಿನ್ ಇಲ್ಲದ 3% ಮೆಪಿವಕೇನ್ ಇದೆ. ಆದರೆ ಅದರಿಂದ ಹಲ್ಲಿಗೆ ಹಿಡಿದ ಜೋಮು ಬೇಗ ಬಿಟ್ಟುಹೋಗುತ್ತದೆ, ಉದ್ದದ ಕೆಲಸಕ್ಕೆ ಸಾಲದೇ ಇರಬಹುದು. ಸ್ಟೆಂಟ್ ಇತ್ತೀಚಿನದಾಗಿದ್ದರೆ ಹಾರ್ಟ್ ಡಾಕ್ಟರ್ ಹತ್ತಿರ ಮೊದಲು ಮಾತಾಡಿ. ರಕ್ತ ತೆಳುವಾಗೋ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರೊಪ್ರನೊಲಾಲ್ ಅನ್ನೋ ಬಿಪಿ ಮಾತ್ರೆ ತೊಗೊಳ್ತಿದ್ದರೆ ಖಂಡಿತ ಹೇಳಬೇಕು, ಅಡ್ರಿನಲಿನ್ ಜೊತೆ ಬಿಪಿ ಏರಿಸುತ್ತದೆ. ಸುಮ್ನೆ "ಬಿಪಿ ಮಾತ್ರೆ" ಅನ್ನಬೇಡಿ, ಎಲ್ಲ ಮಾತ್ರೆಗಳ ಚೀಟಿಯನ್ನೇ ತೊಗೊಂಡು ಹೋಗಿ.