ಮೊದಲ ಮನೆ ಕೊಳ್ಳುವ ಮುಂಚೆ ಒಂದು ಮಳೆ ನೋಡಿ

ಕೇಳಿದವರು, ಶಿವಮೊಗ್ಗದಿಂದ:
ನಾನು, ನನ್ನ ಹೆಂಡತಿ ಇಬ್ಬರೂ ಇಲ್ಲೇ ಕೆಲಸದಲ್ಲಿದ್ದೇವೆ. ಹನ್ನೊಂದು ವರ್ಷ ಬಾಡಿಗೆ ಕಟ್ಟಿದ್ದಾಯ್ತು. ಊರೊಳಗೆ, ಹೊಳೆ ಕಡೆ, 40 ಲಕ್ಷಕ್ಕೆ ಒಂದು ಹಳೇ ಮನೆ ಬಂದಿದೆ. ತೀರ್ಥಹಳ್ಳಿ ಕಡೆ ಹೆಂಚಿನ ಮನೆ ಇನ್ನೊಂದಿದೆ, ಜಾಗ ಜಾಸ್ತಿ. ಏನೇನು ನೋಡಬೇಕು? ಕೊಂಡವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯ ಅಕ್ಕ:
ತಮ್ಮಾ, ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಹಾಗಾದರೆ ಮಳೆ ಹಿಡಿಯುವವರೆಗೆ ತಡೆಯಿರಿ.

ನಾವು ಮನೆ ನೋಡಿದ್ದು ಫೆಬ್ರವರಿಯಲ್ಲಿ. ಒಳ್ಳೇ ಬಿಸಿಲು, ಹೊಸ ಬಣ್ಣ, ಅಂಗಳದ ತುಂಬ ಅಡಿಕೆ ಹರವಿದ್ದರು. ಮನಸ್ಸು ಸೋತಿತು. ಹಿಂದಿನ ಕೋಣೆಯಲ್ಲಿ ಮಾತ್ರ ಮೊಣಕಾಲೆತ್ತರದವರೆಗೆ ಬಣ್ಣ ಸ್ವಲ್ಪ ಬೇರೆ ಕಾಣುತ್ತಿತ್ತು. ಕಣ್ಣಿಗೆ ಬಿತ್ತು, ಆದರೆ ನಾನು ಕೇಳಲಿಲ್ಲ. ಪುನರ್ವಸು ಮಳೆ ಶುರುವಾದ ನಾಲ್ಕನೇ ದಿನ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿತು. ಹೆಬ್ಬೆರಳಲ್ಲಿ ಒತ್ತಿದರೆ ನೀರು. ಬೀರು ತೆಗೆದರೆ ಮದುವೆ ಸೀರೆಗೆ ಬೂಷ್ಟು ಹಿಡಿದಿತ್ತು. ಗುಡ್ಡ ಕಡಿದು ಕಟ್ಟಿದ ಮನೆ ಅದು. ಧರೆಗೂ, ಅಂದರೆ ಕಡಿದು ನಿಲ್ಲಿಸಿದ ಗುಡ್ಡದ ಮಣ್ಣಿಗೂ, ಹಿಂದಿನ ಗೋಡೆಗೂ ಮೂರೇ ಅಡಿ. ನಡುವೆ ನೀರು ಹೋಗಲು ದಾರಿಯೇ ಇರಲಿಲ್ಲ. ಒಳಗಡೆ ಎರಡು ಸಲ ಗಾರೆ ಮಾಡಿಸಿದೆವು, ನಿಲ್ಲಲಿಲ್ಲ. ಕೊನೆಗೆ ತೋಟಕ್ಕೆ ಬಸಿಗಾಲುವೆ ತೆಗೆಯುವ ಹಾಗೆ ಹಿಂದೆ ಕಾಲುವೆ ತೆಗೆಸಿ, ಧರೆಗೆ ಕಲ್ಲು ಕಟ್ಟಿಸಿದ ಮೇಲೆ ಗೋಡೆ ಒಣಗಿತು. ಎರಡು ವರ್ಷದ ಉಳಿತಾಯ ಅದಕ್ಕೇ ಹೋಯ್ತು.

ಅದಕ್ಕೇ ಹೇಳುತ್ತಿದ್ದೇನೆ, ಜೋರು ಮಳೆ ಹೊಡೆಯುವಾಗ ಒಂದು ಸಂಜೆ ಹೋಗಿ ನಿಂತುಕೊಳ್ಳಿ. ಮಾಡಿನ ನೀರು ಎಲ್ಲಿ ಬಿದ್ದು ಎಲ್ಲಿಗೆ ಹೋಗುತ್ತದೆ, ಗಾಳಿಗೆ ಓರೆಯಾಗಿ ಬರುವ ಇರಚಲು ಯಾವ ಗೋಡೆಗೆ ಹೊಡೆಯುತ್ತದೆ ನೋಡಿ. ಧರೆಯಿಂದ ಕೆಂಪು ನೀರು ಇಳಿಯುತ್ತಿದ್ದರೆ ಮಣ್ಣು ಸಡಿಲವಾಗಿದೆ ಅಂತ. ಅಟ್ಟ ಹತ್ತಿ ಹೆಂಚು ಹೊತ್ತ ಮರಗಳನ್ನು, ಪಕಾಸು, ರೀಪು ತಟ್ಟಿ. ಒರಲೆ (ಗೆದ್ದಲು) ತಿಂದ ಮರ ಟೊಳ್ಳು ಸದ್ದು ಕೊಡುತ್ತದೆ. ಬಾವಿಯನ್ನು ಮಾತ್ರ ಏಪ್ರಿಲ್ ಕೊನೆಯಲ್ಲಿ ನೋಡಬೇಕು. ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ ಅಲ್ವಾ.

ಇನ್ನು ಹೊಳೆ ಕಡೆಯ ಮನೆ. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತು ಅಂದರೆ ಊರೆಲ್ಲ ತುಂಗೆ ನೋಡಲು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ತಗ್ಗಿನ ಬಡಾವಣೆಗಳ ಮನೆಯೊಳಗೇ ನೀರು ನುಗ್ಗಿತ್ತು. ಆ ಸಲ ಎಲ್ಲಿಯವರೆಗೆ ಬಂದಿತ್ತು ಅಂತ ಎದುರುಮನೆಯವರನ್ನು ಕೇಳಿ. ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಸಾಗರದಿಂದ ಒಬ್ಬರು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಕಾಗದದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಕಡೆ ಮನೆ ಇರುತ್ತದೆ, ಬಾವಿ ಇರುತ್ತದೆ, ಕರೆಂಟ್ ಬಿಲ್ಲೂ ಬರುತ್ತಿರುತ್ತದೆ. ಹಕ್ಕುಪತ್ರ ಇರುವುದಿಲ್ಲ. ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಇಷ್ಟು ವರ್ಷವಾದರೂ ಹಕ್ಕಿಗಾಗಿ ಅಲೆಯುತ್ತಿವೆ. ಅದು ಅವರ ತಪ್ಪಲ್ಲ. ಆದರೂ ಸಾಲ ಮಾಡಿ ಕೊಳ್ಳುವವರು ಅಂಥ ಜಾಗಕ್ಕೆ ಕೈ ಹಾಕಬಾರದು. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಕಾನು (ದಟ್ಟ ಕಾಡಿನ ಜಾಗ), ಬಗರ್‌ಹುಕುಂ (ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು) ಅನ್ನುವ ಮಾತು ಕಾಗದದಲ್ಲಿ ಕಂಡರೆ ಮೊದಲು ವಕೀಲರಿಗೆ ತೋರಿಸಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. ಆಸ್ತಿ ದಾಖಲೆಯಾಗಿ ಪಂಚಾಯ್ತಿ ಜಾಗಕ್ಕೆ ಇ-ಸ್ವತ್ತು, ಊರೊಳಗಿನದಕ್ಕೆ ಇ-ಖಾತಾ, ಎರಡಕ್ಕೂ 30 ವರ್ಷದ ಇಸಿ (ಋಣಭಾರ ಪತ್ರ). ಇಷ್ಟು ಕೈಗೆ ಬರುವವರೆಗೆ ಮಾತು ಮುಂದುವರಿಸಬೇಡಿ.

ಹಿರಿಯರ ಆಸ್ತಿಯಾದರೆ ವಂಶವೃಕ್ಷ ಕೇಳಿ. ನಾನು ನೋಡಿದ್ದ ಮನೆಗೆ ಅಣ್ಣತಮ್ಮಂದಿರು ಮೂವರೂ ಸಹಿ ಹಾಕಲು ರೆಡಿ ಇದ್ದರು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ತಂಗಿಯ ಹೆಸರೂ ಇತ್ತು. "ಅವಳು ಏನೂ ಕೇಳಲ್ಲ ಬಿಡಿ" ಅಂದರು. "ಹಾಗಾದರೆ ಬಂದು ಒಂದು ಸಹಿ ಹಾಕಲಿ" ಅಂದೆ. ಅವರು ಬರಲಿಲ್ಲ, ನಾನೂ ಕೊಳ್ಳಲಿಲ್ಲ.

ಭದ್ರಾವತಿಯಿಂದ, ಬ್ಯಾಂಕಿನಲ್ಲಿರುವವರು:
ದುಡ್ಡಿನ ಲೆಕ್ಕ ಇಟ್ಟುಕೊಳ್ಳಿ. 40 ಲಕ್ಷದ ಮನೆಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 32 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ, ಸೆಸ್ ಸೇರಿದರೆ ಶೇ 7.6, ಅಂದರೆ 3 ಲಕ್ಷದ ಮೇಲೆ. ಇದು ಸಾಲದಲ್ಲಿ ಬರುವುದಿಲ್ಲ. ಹಾಗಾಗಿ ಉಳಿದ 8 ಲಕ್ಷವೂ ಸೇರಿ 11 ಲಕ್ಷದ ಮೇಲೆ ಕೈಯಲ್ಲಿರಬೇಕು. ಅದರ ಮೇಲೆ, ಅಕ್ಕ ಹೇಳಿದ ಧರೆ, ಕಾಲುವೆ ಕೆಲಸಕ್ಕೆ ಬೇರೆ ತೆಗೆದಿಡಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಹೆಚ್ಚಿನ ದುಡ್ಡು ಬಂದಾಗೆಲ್ಲ ಅಸಲಿಗೆ ಕಟ್ಟಿ.