ಥ್ರಾಟಲ್ ಬಾಡಿ ಸ್ಪೇಸರ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 1.5 ಲೀಟರ್ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮಲ್ಟಿ ಪಾಯಿಂಟ್ ಇಂಜೆಕ್ಷನ್, ಟರ್ಬೊ ಇಲ್ಲ. ಥ್ರಾಟಲ್ ಬಾಡಿಗೂ ಇಂಟೇಕ್ ಮ್ಯಾನಿಫೋಲ್ಡ್‌ಗೂ ನಡುವೆ ಕೂರಿಸುವ ಅಲ್ಯೂಮಿನಿಯಂ ಸ್ಪೇಸರ್ ಒಂದನ್ನು ನೋಡಿದೆ. ಒಂದಿಂಚು ದಪ್ಪ, ಒಳಗೆ ಸುರುಳಿ ಸುರುಳಿಯಾಗಿ ಗೆರೆ ಕೊರೆದಿದ್ದಾರೆ. ಗಾಳಿ ಸುತ್ತುತ್ತಾ ಒಳಗೆ ಹೋಗಿ ಪೆಟ್ರೋಲ್ ಜೊತೆ ಚೆನ್ನಾಗಿ ಬೆರೆಯುತ್ತೆ, ಪಿಕಪ್ಪೂ ಮೈಲೇಜೂ ಏರುತ್ತೆ ಅಂತಾರೆ. ಹಾಕಿಸಬಹುದಾ?

ಉತ್ತರ: ಬೇಡ. ನಿಮ್ಮ ಇಂಜಿನ್‌ನಲ್ಲಿ ಅದಕ್ಕೆ ಮಾಡಲು ಕೆಲಸವೇ ಇಲ್ಲ.

ಥ್ರಾಟಲ್ ಬಾಡಿ ಅಂದರೆ ಆಕ್ಸಿಲರೇಟರ್ ಒತ್ತಿದಂತೆ ತಟ್ಟೆ ತಿರುಗಿ ಗಾಳಿ ಒಳಬಿಡುವ ಬಾಗಿಲು; ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಆ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆಗಳ ಜೋಡಣೆ. ಸ್ಪೇಸರ್ ಕೂರುವ ಜಾಗದಲ್ಲಿ ಪೆಟ್ರೋಲೇ ಇರುವುದಿಲ್ಲ, ಬರೀ ಗಾಳಿ. ನಿಮ್ಮ ಕಾರಿನಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಇರುವುದು ಮ್ಯಾನಿಫೋಲ್ಡ್‌ನ ಆ ತುದಿಯಲ್ಲಿ, ಪ್ರತಿ ಸಿಲಿಂಡರಿನ ಇಂಟೇಕ್ ವಾಲ್ವ್ ಹತ್ತಿರ. ಥ್ರಾಟಲ್ ದಾಟಿದ ಗಾಳಿ ಮೊದಲು ಪ್ಲೀನಮ್ ಎಂಬ ದೊಡ್ಡ ಕೋಣೆಗೆ ಬೀಳುತ್ತದೆ. ಅಲ್ಲಿಂದ ನಾಲ್ಕು ಕವಲಾಗಿ ಒಡೆದು, ಬಾಗಿದ ಕೊಳವೆಗಳಲ್ಲಿ ತಿರುಗಿ ವಾಲ್ವ್ ತಲುಪುತ್ತದೆ. ಬಾಗಿಲಲ್ಲಿ ಕೊಟ್ಟ ಸುತ್ತು ಅಲ್ಲಿವರೆಗೆ ಉಳಿಯುವುದಿಲ್ಲ. ಸಿಲಿಂಡರ್ ಒಳಗೆ ಗಾಳಿ ಸುತ್ತಬೇಕು ಅನ್ನುವುದು ಸರಿಯೇ, ಆದರೆ ಅದನ್ನು ಇಂಜಿನ್ ಮಾಡಿದವರು ಸಿಲಿಂಡರ್ ಹೆಡ್‌ನಲ್ಲಿ ಗಾಳಿ ಒಳಬರುವ ದಾರಿಯ (ಪೋರ್ಟ್) ಆಕಾರದಲ್ಲೇ ಕೂರಿಸಿರುತ್ತಾರೆ. ಡೈರೆಕ್ಟ್ ಇಂಜೆಕ್ಷನ್ ಆದರಂತೂ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಸಿಡಿಯುತ್ತದೆ.

ಗಾಳಿ ತುಂಬಿಕೊಳ್ಳಲು ಜಾಗ ಜಾಸ್ತಿ ಆಗುತ್ತೆ ಅನ್ನುವುದು ಇನ್ನೊಂದು ವಾದ. ಲೆಕ್ಕ ಹಾಕಿ ನೋಡಿ. 60 ಮಿ.ಮೀ. ಬಾಯಿ, 25 ಮಿ.ಮೀ. ದಪ್ಪ ಅಂದರೆ ಒಳಗಿನ ಜಾಗ ಸುಮಾರು 70 ಮಿ.ಲೀ. ಪೂರ್ತಿ ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂನಲ್ಲಿ ಓಡುವಾಗ ನಿಮ್ಮ ಇಂಜಿನ್ ಸೆಕೆಂಡಿಗೆ 35 ಲೀಟರ್ ಆಸುಪಾಸು ಗಾಳಿ ಎಳೆಯುತ್ತದೆ. ಆ 70 ಮಿ.ಲೀ. ಎರಡು ಮಿಲಿಸೆಕೆಂಡಿಗೆ ಖಾಲಿ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಬೇಕೆಂದರೆ ಉದ್ದ ಆಗಬೇಕಾದದ್ದು ಪ್ಲೀನಮ್ ಆದಮೇಲಿನ ಕೊಳವೆಗಳು. ಸ್ಪೇಸರ್ ಕೂರುವುದು ಪ್ಲೀನಮ್‌ಗಿಂತ ಮುಂಚೆ.

ಮರುಪ್ರಶ್ನೆ: ಸರ್, ನನ್ನ ಸ್ನೇಹಿತ ಹಾಕಿಸಿದ್ದಾನೆ. ಗಾಡಿ ಹಗುರವಾಗಿ ಓಡ್ತಿದೆ ಅಂತಾನೆ. ಸುಮ್ನೆ ಹೇಳ್ತಿದ್ದಾನಾ?

ಉತ್ತರ: ಇರಲಿಕ್ಕಿಲ್ಲ. ಅವರಿಗೆ ಹಾಗೆ ಅನಿಸಿರುತ್ತದೆ. ಸ್ಪೇಸರ್ ಹಾಕಲು ಥ್ರಾಟಲ್ ಬಾಡಿ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಯಾವ ಮೆಕ್ಯಾನಿಕ್ಕೂ ತಟ್ಟೆಯ ಅಂಚಿಗೆ ಹಿಡಿದ ಕಪ್ಪು ಕಾರ್ಬನ್ ನೋಡಿ ಸುಮ್ಮನಿರುವುದಿಲ್ಲ, ಕ್ಲೀನರ್ ಹೊಡೆದು ಒರೆಸುತ್ತಾನೆ. ಅದಕ್ಕೇ ಐಡ್ಲಿಂಗ್ ನಯವಾಗುತ್ತದೆ, ಪೆಡಲ್ ಮುಟ್ಟಿದೊಡನೆ ಗಾಡಿ ಸ್ಪಂದಿಸುತ್ತದೆ. ಬ್ಯಾಟರಿ ತೆಗೆದಿದ್ದರೆ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕಲಿತಿಟ್ಟ ಲೆಕ್ಕ ಅಳಿಸಿರಬಹುದು, ಆಗ ಸ್ವಲ್ಪ ದಿನ ಓಡಿಸುವ ಅನುಭವ ಬೇರೆಯೇ ಇರುತ್ತದೆ. ಜೊತೆಗೆ ಆ ಸುರುಳಿ ಗೆರೆಗಳಿಂದ ಕೆಲವು ಗಾಡಿಗಳಲ್ಲಿ ಸಿಳ್ಳೆಯಂಥ ಸದ್ದು ಬರುತ್ತದೆ. ಸದ್ದು ಜಾಸ್ತಿಯಾದರೆ ವೇಗವೂ ಜಾಸ್ತಿ ಅನಿಸುತ್ತೆ ಅಲ್ವಾ!

ಮತ್ತೊಬ್ಬ ಸದಸ್ಯರು: ಹಳೇ ಕಾರ್ಬುರೇಟರ್ ಗಾಡಿಗಳಿಗೆ ಸ್ಪೇಸರ್ ಹಾಕುತ್ತಿದ್ದರಲ್ಲ? ಅದೂ ಸುಳ್ಳಾ?

ಉತ್ತರ: ಅದು ನಿಜ ಸರ್, ಈ ಕಥೆ ಹುಟ್ಟಿದ್ದೇ ಅಲ್ಲಿಂದ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಲ್ಲೇ ಗಾಳಿಗೆ ಸೇರಿ ಹನಿಹನಿಯಾಗಿ ಇಡೀ ಮ್ಯಾನಿಫೋಲ್ಡ್ ದಾಟಬೇಕು. ಕೆಳಗೆ ಸ್ವಲ್ಪ ಜಾಗ ಸಿಕ್ಕರೆ ಹನಿಗಳು ನೆಲಕ್ಕೆ ಅಪ್ಪಳಿಸದೆ ತಿರುಗಿ ಎಲ್ಲ ಸಿಲಿಂಡರ್‌ಗೂ ಸಮವಾಗಿ ಹಂಚಿಹೋಗುವುದುಂಟು. ಬಿಸಿ ಸುಲಭವಾಗಿ ದಾಟಿಸದ ಫೀನಾಲಿಕ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಸ್ಪೇಸರ್ ಆದರೆ ಇಂಜಿನ್ ಬಿಸಿ ಮೇಲೇರಿ ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಕುದಿಯುವುದೂ ತಪ್ಪುತ್ತದೆ. ಥ್ರಾಟಲ್ ಬಾಡಿಯಲ್ಲೇ ಒಂದೆರಡು ಇಂಜೆಕ್ಟರ್ ಇದ್ದ ಮೊದಮೊದಲ ಇಂಜೆಕ್ಷನ್ ಗಾಡಿಗಳಿಗೂ ಈ ವಾದ ಸ್ವಲ್ಪಮಟ್ಟಿಗೆ ಹೊಂದುತ್ತದೆ. ಈಗಿನವಕ್ಕಲ್ಲ.

ಮರುಪ್ರಶ್ನೆ: ನಾನೇ ಪರೀಕ್ಷೆ ಮಾಡಿ ನೋಡಲು ದಾರಿ ಇದೆಯಾ ಸರ್?

ಉತ್ತರ: ಇದೆ. ಸ್ಪೇಸರ್ ಕೊಳ್ಳುವ ಮುಂಚೆಯೇ ಮಾಡಬಹುದು.

ನಿಮ್ಮ ಕಾರಿನಲ್ಲಿ ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಸೆನ್ಸರ್‌ಗಳ ಅಂಕಿ ಓದಲು ಕಾರಿಗೆ ಚುಚ್ಚುವ ಒಂದು ಓಬಿಡಿ ಸ್ಕ್ಯಾನರ್ ಸಾಕು. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆಗ ತೋರಿಸುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಾದರೆ 101 ಕಿಲೋಪ್ಯಾಸ್ಕಲ್ ಹತ್ತಿರ, ಎತ್ತರಕ್ಕೆ ಹೋದಂತೆ ಕಡಿಮೆ. ಆಮೇಲೆ ಡೈನೊ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಮೇಲಿನ ಆರ್‌ಪಿಎಂವರೆಗೆ ಎಳೆದು ಅದೇ ಅಂಕಿಯನ್ನು ರೆಕಾರ್ಡ್ ಮಾಡಿ. ಕೀ ಆನ್‌ನಲ್ಲಿ 100 ಇದ್ದದ್ದು ಆಗ 97 ತೋರಿಸಿತು ಅಂದುಕೊಳ್ಳಿ. ಆ 3ರಲ್ಲೇ ಏರ್ ಫಿಲ್ಟರ್, ಪೈಪು, ಥ್ರಾಟಲ್ ತಟ್ಟೆ ಎಲ್ಲದರ ತಡೆಯೂ ಬಂತು. ಗೆಲ್ಲಲು ಉಳಿದಿರುವುದೇ ಅಷ್ಟು. ಸ್ಪೇಸರ್ ಇದರಲ್ಲಿ ಯಾವುದನ್ನೂ ಅಗಲ ಮಾಡುವುದಿಲ್ಲ, ಗಾಳಿಯನ್ನು ಸುತ್ತಿಸಲು ಇನ್ನಷ್ಟು ಒತ್ತಡ ತಿನ್ನುತ್ತದೆ ಅಷ್ಟೇ. ವ್ಯತ್ಯಾಸ ತುಂಬಾ ಜಾಸ್ತಿ ಬಂದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ.

ಮ್ಯಾಫ್ ಸೆನ್ಸರ್, ಅಂದರೆ ಒಳಹೋಗುವ ಗಾಳಿಯ ತೂಕ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಗುತ್ತಿದೆ ಅನ್ನುವುದೇ ಸಿಗುತ್ತದೆ. ಸ್ಪೇಸರ್ ಇಲ್ಲದೆ, ಹಾಕಿ, ಮತ್ತೆ ತೆಗೆದು, ಒಂದೇ ದಿನ ಒಂದೇ ಬಿಸಿಯಲ್ಲಿ ಅಳೆಯಿರಿ. ಡೈನೊದಲ್ಲೇ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಶೇಕಡಾ ಒಂದೆರಡು ವ್ಯತ್ಯಾಸ ಬರುವುದು ಮಾಮೂಲು. ಹಾಗಾಗಿ ಒಂದೇ ಗ್ರಾಫ್ ತೋರಿಸಿ ಮಾರುವವರನ್ನು ನಂಬಬೇಡಿ.

ಮೈಲೇಜ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಾಮೂಲಿ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಮಿಶ್ರಣವನ್ನು ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಸುತ್ತಲೇ ಇಡುತ್ತದೆ. ಸ್ಪೇಸರ್ ಬಂತೆಂದು ಅದು ಪೆಟ್ರೋಲ್ ಕಡಿಮೆ ಹಾಕುವುದಿಲ್ಲ.

ಮತ್ತೊಬ್ಬ ಸದಸ್ಯರು: ನಾನು ಆಗಲೇ ಹಾಕಿಸಿಬಿಟ್ಟಿದ್ದೇನೆ. ತೊಂದರೆ ಏನಾದರೂ ಇದೆಯಾ?

ಉತ್ತರ: ಸರಿಯಾಗಿ ಕೂತಿದ್ದರೆ ದೊಡ್ಡ ತೊಂದರೆ ಇಲ್ಲ. ಆದರೆ ಒಂದು ಗ್ಯಾಸ್ಕೆಟ್ ಇದ್ದ ಕಡೆ ಎರಡಾಗಿವೆ. ಅಲ್ಲಿ ಗಾಳಿ ಸೋರಿದರೆ ಐಡ್ಲಿಂಗ್ ಏರಿಳಿಯುತ್ತದೆ. ಮ್ಯಾಫ್ ಗಾಡಿಯಲ್ಲಿ ಪಿ0171 ಕೋಡ್ (ಮಿಶ್ರಣದಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂಬ ಸೂಚನೆ) ಬಂದು ಚೆಕ್ ಇಂಜಿನ್ ಲೈಟ್ ಹೊತ್ತಿಕೊಳ್ಳಬಹುದು. ಥ್ರಾಟಲ್ ಒಂದಿಂಚು ಹೊರಗೆ ಬಂದಿರುವುದರಿಂದ ಏರ್ ಪೈಪಿನ ರಬ್ಬರ್ ಬಿಗಿಯಾಗಿ ಎಳೆದುಕೊಂಡಿದೆಯಾ ನೋಡಿ, ಬಿರುಕು ಬಿಡುವುದು ಅಲ್ಲೇ. ತೆಗೆಸುವುದಾದರೆ ಹಳೆಯ ಗಿಡ್ಡ ಬೋಲ್ಟುಗಳನ್ನೇ ಹಾಕಿಸಿ. ಸ್ಪೇಸರ್ ಜೊತೆ ಬಂದ ಉದ್ದ ಬೋಲ್ಟುಗಳನ್ನು ಹಾಗೇ ಬಿಗಿದರೆ ತಳಕ್ಕೆ ತಾಗಿ, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಒಡೆಯುತ್ತದೆ.